ತುಕ್ಕಿನ ಜೊತೆ ಹೋದ ಸಾಕ್ಷಿ

ಹಳೆಯ ಅಮೆರಿಕನ್ ಮಸಲ್ ಕಾರುಗಳ, ಅಂದರೆ ಭಾರಿ ಎಂಜಿನ್ನಿನ ವೇಗದ ಕಾರುಗಳ, ಜಾಹೀರಾತು ಓದುವ ಚಟ ಇದ್ದವರಿಗೆ ಈ ಸಾಲು ಬಾಯಿಪಾಠವಾಗಿರುತ್ತದೆ: ‘1969ರ ಷೆವರ್ಲೆ ಕಮಾರೊ ಝಡ್/28. ಪೂರ್ತಿ ರಿಸ್ಟೋರ್ ಮಾಡಿದ್ದು. ನಂಬರ್ಸ್ ಮ್ಯಾಚಿಂಗ್.’ ನಂಬರ್ಸ್ ಮ್ಯಾಚಿಂಗ್ ಅಂದರೆ ಎಂಜಿನ್ನಿನ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದುತ್ತದೆ, ಹುಟ್ಟಿದಾಗಿನ ಎಂಜಿನ್ನೇ ಇದೆ ಅಂತ. ಜಾಹೀರಾತಿನ ಕೆಳಗೆ ನಲವತ್ತು ಫೋಟೊ. ಎಲ್ಲದರಲ್ಲೂ ಕಾರು ಎಣ್ಣೆನೀರು ಹಾಕಿಸಿಕೊಂಡು ಹಸೆಮಣೆಗೆ ಬಂದ ಮದುಮಗನ ಹಾಗಿರುತ್ತದೆ. ಕಿತ್ತಳೆ ಮೈಮೇಲೆ ಎರಡು ಬಿಳಿ ಪಟ್ಟೆ. ಕ್ರೋಮ್ ಬಂಪರಿನಲ್ಲಿ ಫೋಟೊ ತೆಗೆದವನ ಮೊಣಕಾಲೂ ಕಾಣುತ್ತದೆ. ಬೆಲೆಯನ್ನು ರೂಪಾಯಿಗೆ ತಿರುಗಿಸಿದರೆ ಮೈಸೂರಿನಲ್ಲಿ ಒಂದು ಸೈಟು ನೆನಪಾಗುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ಆ ಕಾರಿನ ಬಗ್ಗೆ ಗೊತ್ತಾದದ್ದು ಬಣ್ಣ ಹೊಸದು ಅನ್ನುವುದೊಂದೇ.

ರಿಸ್ಟೋರ್ ಅನ್ನುವ ಪದದ ಹೊಟ್ಟೆಯಲ್ಲಿ ಏನು ಬೇಕಾದರೂ ಹಿಡಿಯುತ್ತದೆ. ಬರೀ ಪೇಂಟ್ ಹೊಡೆಸಿ ಸೀಟಿಗೆ ಹೊಸ ಬಟ್ಟೆ ಹಾಕಿದ್ದೂ ರಿಸ್ಟೋರೇಶನ್ನೇ. ಬಾಡಿಯನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಒಲೆಯ ಮೇಲಿನ ರೊಟ್ಟಿಯಂತೆ ಮಗುಚಿ, ಬರಿ ತಗಡಿನವರೆಗೆ ಬಿಚ್ಚಿ, ಸಾವಿರ ಗಂಟೆ ದುಡಿದು ಮತ್ತೆ ಕಟ್ಟಿದ್ದೂ ರಿಸ್ಟೋರೇಶನ್ನೇ. ಇನ್ನೂ ಮುಜುಗರದ ಸಂಗತಿ ಏನೆಂದರೆ, ಕೆಲಸ ಎಷ್ಟು ಚೆನ್ನಾಗಿ ಆಗಿದೆಯೋ ಹಳೆಯ ಕಾರಿನ ಗುರುತು ಅಷ್ಟು ಚೆನ್ನಾಗಿ ಅಳಿಸಿರುತ್ತದೆ. ನಮ್ಮಲ್ಲಿ ಗುಡಿಗಳ ಜೀರ್ಣೋದ್ಧಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗರ್ಭಗುಡಿಗೆ ಟೈಲ್ಸ್ ಬರುತ್ತದೆ, ಕಂಬಕ್ಕೆ ಆಯಿಲ್ ಪೇಂಟ್ ಬರುತ್ತದೆ, ಬಾಗಿಲ ಪಕ್ಕದ ಶಾಸನದ ಕಲ್ಲು ಸುಣ್ಣದ ಅಡಿ ಸೇರುತ್ತದೆ. ಭಕ್ತರಿಗೆ ಖುಷಿ, ಯಾವ ಕಾಲದ ಗುಡಿ ಅಂತ ಕೇಳುವವನಿಗೆ ಮಾತ್ರ ಕಷ್ಟ.

ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ಟ್ರಾಯ್, ನೋವೈ ಕಡೆ ಮನೆ ಮಾಡಿಕೊಂಡು ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡದ ಎಂಜಿನಿಯರುಗಳೂ ಮಕ್ಕಳನ್ನು ಹೆಗಲೇರಿಸಿಕೊಂಡು ನೋಡಲು ಹೋಗುತ್ತಾರೆ. ಆ ಸಾಲಿನಲ್ಲಿ ಗಾಜಿಗೆ ‘ಮಾರಾಟಕ್ಕಿದೆ’ ಚೀಟಿ ಅಂಟಿಸಿದ ಕಮಾರೊಗಳೂ ಇರುತ್ತವೆ. ಮಾರುವವನು ಬಾನೆಟ್ ಎತ್ತುತ್ತಾನೆ, ಎಂಜಿನ್ನಿನ ಸದ್ದು ಕೇಳಿಸುತ್ತಾನೆ. ಕೇಳುವವನು ಸದ್ದಿಗೆ ಅಲ್ಲಾಡಿಹೋದ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಮರೆತುಹೋಗುತ್ತದೆ: ಇದು ಝಡ್/28 ಆಗಿ ಹುಟ್ಟಿದ್ದೋ, ಆಮೇಲೆ ಆದದ್ದೋ?

(ಅಮೆರಿಕದವರ ಬಾಯಲ್ಲಿ ಅದು ‘ಝೀ-ಟ್ವೆಂಟಿ-ಎಯ್ಟ್’. ನಾವು ಝಡ್ ಅಂದರೆ ಮಾರುವವನ ಮುಖದಲ್ಲಿ ಸಣ್ಣ ನಗು ಬರುತ್ತದೆ. ಅದು ಚೌಕಾಸಿಗೆ ಒಳ್ಳೆಯದು. ಗಿರಾಕಿಗೆ ಏನೂ ಗೊತ್ತಿಲ್ಲ ಅಂದುಕೊಂಡವನು ಹೆಚ್ಚು ಮಾತಾಡುತ್ತಾನೆ.)

ಜಾತಕದಲ್ಲಿ ಇಲ್ಲದ ಹೆಸರು

ಈ ಪ್ರಶ್ನೆ ಇಷ್ಟು ಕಾಡುವುದು ಕಂಪನಿಯೇ ಉತ್ತರ ಬರೆದಿಡದ ಕಾರಣಕ್ಕೆ. 1969ರ ಕಮಾರೊದ ಚಾಸಿ ನಂಬರ್ 12437 ಅಂತ ಶುರುವಾದರೆ ಅದು ವಿ-8 ಎಂಜಿನ್ನಿನ ಕೂಪೆ ಎಂದು ಅರ್ಥ. ಆಮೇಲೆ ವರ್ಷದ 9. ಆಮೇಲೆ ಕಾರ್ಖಾನೆಯ ಅಕ್ಷರ, ಓಹಾಯೊದ ನಾರ್ವುಡ್‌ಗೆ ಎನ್, ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್‌ಗೆ ಎಲ್. ಕೊನೆಗೆ ಕ್ರಮಸಂಖ್ಯೆ. ಅಷ್ಟೇ. ಸಂತೆಗೆ ಹೋಗಿಬರಲು ತಗೊಂಡ ಸಾಧಾರಣ 307 ಘನ ಇಂಚಿನ ಎಂಜಿನ್ನಿನ ಕಮಾರೊಗೂ, ರೇಸಿಗೆಂದೇ ಹುಟ್ಟಿದ ಝಡ್/28ಗೂ ಇದೇ ನಂಬರ್. ಅದೇ ಕಾಲದ ಕ್ರೈಸ್ಲರ್ ಗುಂಪಿನ ಕಾರುಗಳಲ್ಲಿ ಐದನೇ ಅಕ್ಷರ ಎಂಜಿನ್ ಯಾವುದೆಂದು ಹೇಳಿಬಿಡುತ್ತದೆ. 1970ರ ಕಾರಿನಲ್ಲಿ ಅಲ್ಲಿ ಆರ್ ಇದ್ದರೆ ಅದು 426 ಹೆಮಿ ಎಂಬ ಭಾರಿ ಎಂಜಿನ್, ಮಾತು ಮುಗಿಯಿತು. ಫೋರ್ಡ್ ಕಾರಿಗೆ ಹುಟ್ಟಿದಾಗಿನ ವಿವರ ಹೇಳುವ ಮಾರ್ಟಿ ವರದಿ ತರಿಸಬಹುದು, ಪಾಂಟಿಯಾಕ್‌ಗೆ ಹಳೆಯ ಇನ್‌ವಾಯ್ಸಿನ ನಕಲು ದುಡ್ಡು ಕೊಟ್ಟರೆ ಸಿಗುತ್ತದೆ. ಷೆವರ್ಲೆಗೆ ಮಾತ್ರ, ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಅಲ್ಲಿನ ಜನರಲ್ ಮೋಟರ್ಸ್ ದಾಖಲೆ ಉಂಟು. ಅಮೆರಿಕದೊಳಗೇ ಮಾರಿದ್ದಕ್ಕೆ ಅಂಥ ಆಸರೆ ಇಲ್ಲ.

ಝಡ್/28 ಅನ್ನುವುದು ಮೂಲದಲ್ಲಿ ಆರ್ಡರ್ ಫಾರಂನ ಒಂದು ಆಪ್ಷನ್ ಕೋಡ್. ಟ್ರಾನ್ಸ್-ಆಮ್ ರೇಸಿನಲ್ಲಿ ಎಂಜಿನ್ 305 ಘನ ಇಂಚು ದಾಟಬಾರದು ಅನ್ನುವ ನಿಯಮವಿತ್ತು. ಷೆವರ್ಲೆಯವರು 327 ಎಂಜಿನ್ನಿನ 4 ಇಂಚಿನ ಬೋರಿಗೆ (ಸಿಲಿಂಡರಿನ ಅಗಲ) 283 ಎಂಜಿನ್ನಿನ 3 ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡಾಟದ ದೂರ) ಕೂಡಿಸಿ 302 ಮಾಡಿಕೊಂಡರು. ರೇಸಿಗೆ ಬಿಡಬೇಕಾದರೆ ಅಂಗಡಿಯಲ್ಲೂ ಮಾರಬೇಕಲ್ಲ, ಮಾರಿದರು. 1967ರಲ್ಲಿ 602, 1968ರಲ್ಲಿ 7,199, 1969ರಲ್ಲಿ 20,302. ಕಾಗದದ ಮೇಲೆ 290 ಅಶ್ವಶಕ್ತಿ ಅಂತ ಬರೆದರು, ನಿಜ ಅದಕ್ಕಿಂತ ಮೇಲೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಇದರ ಜೊತೆ ಕಡ್ಡಾಯವಾಗಿ ಬರುತ್ತಿದ್ದವು ನಾಲ್ಕು ಸ್ಪೀಡಿನ ಕೈಗೇರು, ಮುಂದಿನ ಚಕ್ರಕ್ಕೆ ಪವರ್ ಡಿಸ್ಕ್ ಬ್ರೇಕ್, 15 ಇಂಚಿನ ರ‍್ಯಾಲಿ ವೀಲ್, 12 ಬೋಲ್ಟಿನ ಹಿಂದಿನ ಆಕ್ಸಲ್ ಹೌಸಿಂಗ್. ಆಟೊಮ್ಯಾಟಿಕ್ ಗೇರ್ ಕೊಡುತ್ತಿರಲಿಲ್ಲ, ಏಸಿಯೂ ಇಲ್ಲ. ಹಾಗಾಗಿ ಸೋಸುವ ಕೆಲಸವನ್ನು ಮನೆಯಲ್ಲೇ ಕೂತು ಶುರು ಮಾಡಬಹುದು. ಫೋಟೊದಲ್ಲಿ ಫ್ಯಾಕ್ಟರಿ ಏಸಿಯ ಗಾಳಿಗಿಂಡಿ ಕಂಡರೆ, ಅಥವಾ ಗೇರ್ ಲಿವರಿನ ಬುಡದಲ್ಲಿ ಪಾರ್ಕ್-ಡ್ರೈವ್ ಅಕ್ಷರ ಕಂಡರೆ, ಕಿತ್ತಳೆ ಬಣ್ಣಕ್ಕೂ ಬಿಳಿ ಪಟ್ಟೆಗೂ ಮರುಳಾಗಬೇಕಿಲ್ಲ. ಕಾರಿನ ಹಿಂದೆ ಮಂಡಿಯೂರಿ ಹೌಸಿಂಗ್ ಮುಚ್ಚಳದ ಬೋಲ್ಟ್ ಎಣಿಸಿದರೆ ಹತ್ತೋ ಹನ್ನೆರಡೋ ಗೊತ್ತಾಗುತ್ತದೆ. ಹನ್ನೆರಡಿದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಹೌಸಿಂಗ್ ಬೇರೆ ಕಾರಿನಿಂದ ಬಂದಿರಬಹುದು. ಹತ್ತಿದ್ದರೆ ಮಾತ್ರ ಒಂದೋ ಹೌಸಿಂಗ್ ಬದಲಾಗಿದೆ, ಇಲ್ಲವೇ ಕಾರೇ ಬೇರೆ.

ಮೂರು ಇಂಚಿನ ಶಾಸನ

ಎಂಜಿನ್ನಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಆಲ್ಟರ್ನೇಟರ್‌ನ ಮರೆಯಲ್ಲಿ, ಬ್ಲಾಕಿನದೇ (ಎಂಜಿನ್ನಿನ ಎರಕದ ಒಡಲಿನದೇ) ಒಂದು ಪುಟ್ಟ ನಯವಾದ ಜಗಲಿ ಇದೆ. ಉದ್ದ ಸುಮಾರು ಮೂರು ಇಂಚು, ಅಗಲ ಒಂದು ಬೆರಳಷ್ಟು. ಇಡೀ ಕಾರಿನ ಬೆಲೆ ಈ ಜಗಲಿಯ ಮೇಲೆ ಕೂತಿದೆ ಅಂದರೆ ಉತ್ಪ್ರೇಕ್ಷೆಯಲ್ಲ. ನೋಡಬೇಕಾದರೆ ಟಾರ್ಚ್ ಬೇಕು, ಪೇಂಟ್ ತೆಗೆಯಲು ಸ್ವಲ್ಪ ಥಿನ್ನರ್ ಮತ್ತು ಹಳೆ ಬಟ್ಟೆ ಬೇಕು, ಮಾರುವವನ ಒಪ್ಪಿಗೆಯಂತೂ ಬೇಕೇ ಬೇಕು. ಉಪ್ಪುಕಾಗದ ಹಾಕಿ ಉಜ್ಜಬಾರದು. ಉಜ್ಜಿದರೆ ನೋಡಲು ಬಂದದ್ದೇ ಹೋಗುತ್ತದೆ.

ಪೇಂಟ್ ಕರಗಿದ ಮೇಲೆ ಎರಡು ಸಾಲು ಕಾಣಬೇಕು. ಒಂದು, ಎಂಜಿನ್ ಜೋಡಿಸಿದ ಕಡೆ ಹೊಡೆದದ್ದು: ಉದಾಹರಣೆಗೆ ‘ವಿ 0402 ಡಿಝಡ್’. ವಿ ಅಂದರೆ ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆ, 0402 ಅಂದರೆ ಏಪ್ರಿಲ್ 2, ಡಿಝಡ್ ಅಂದರೆ 1969ರ ಝಡ್/28ರ 302. ಇನ್ನೊಂದು, ಕಾರು ಜೋಡಿಸಿದ ಕಡೆ ಹೊಡೆದದ್ದು: ‘19ಎನ್’ ಮತ್ತು ಕ್ರಮಸಂಖ್ಯೆ. ಅದು ಡ್ಯಾಶ್‌ಬೋರ್ಡಿನ ಮೇಲಿನ ನಂಬರಿನ ಕೊನೆಗೆ ಸರಿಹೊಂದಬೇಕು. ಆ ವರ್ಷ ಕೆಲವು ಎಂಜಿನ್‌ಗಳಲ್ಲಿ ಈ ಎರಡನೇ ನಂಬರನ್ನು ಆಯಿಲ್ ಫಿಲ್ಟರ್ ಪಕ್ಕದಲ್ಲಿ ಹೊಡೆದಿದ್ದಾರೆ, ಜಗಲಿಯಲ್ಲಿ ಇಲ್ಲವೆಂದು ಗಾಬರಿಯಾಗುವ ಮೊದಲು ಅಲ್ಲೂ ನೋಡಬೇಕು. ಎರಡು ಊರಿನಲ್ಲಿ, ಎರಡು ದಿನ, ಎರಡು ಕೈ ಹೊಡೆದ ಅಕ್ಷರಗಳು ಇವು. ಆಕಾರ, ಆಳ, ಓರೆ ಒಂದೇ ಥರ ಇರಲಾರವು. ಎರಡೂ ಸಾಲು ಒಂದೇ ಅಚ್ಚಿನಿಂದ ಬಂದಂತೆ ಅಚ್ಚುಕಟ್ಟಾಗಿದ್ದರೆ ಅನುಮಾನ ಶುರುವಾಗಬೇಕು.

ಅಕ್ಷರಕ್ಕಿಂತ ಮುಖ್ಯವಾದದ್ದು ಅಕ್ಷರದ ಹಿಂದಿನ ನೆಲ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚಿಂಗ್ ಯಂತ್ರ ಒಂದೇ ಎಳೆತದಲ್ಲಿ ಕೆತ್ತಿ ಮಟ್ಟ ಮಾಡುತ್ತಿತ್ತು. ಅದರ ಗುರುತಾಗಿ ಬಾಚಿದ ಕೂದಲಿನ ಹಾಗೆ ನೇರವಾದ, ಒಂದಕ್ಕೊಂದು ಸಮಾನಾಂತರ ಗೆರೆಗಳು ಉಳಿಯುತ್ತವೆ. ಎಂಜಿನ್ ರೀಬಿಲ್ಡ್ ಮಾಡುವಾಗ ಹೆಡ್ ಸರಿಯಾಗಿ ಕೂರಲೆಂದು ಬ್ಲಾಕಿನ ಮೇಲ್ಮೈಯನ್ನು ಮತ್ತೆ ಹೆರೆಸುತ್ತಾರೆ. ಜಗಲಿಯೂ ಅದೇ ಮಟ್ಟದಲ್ಲಿರುವುದರಿಂದ ಗೆರೆ ಹೋಗುತ್ತದೆ, ಅಕ್ಷರವೂ ಹೋಗುತ್ತದೆ. ಮೆಷಿನ್ ಶಾಪಿನವನಿಗೆ ಯಾವ ದುರುದ್ದೇಶವೂ ಇರುವುದಿಲ್ಲ. 1985ರಲ್ಲಿ ಅದು ಬರೀ ಹಳೆ ಕಾರಿನ ಎಂಜಿನ್. ತಕರಾರು ಮುಂದಿನ ಹೆಜ್ಜೆಯದು. ಅಳಿಸಿದ ನಂಬರನ್ನು ಯಾರೋ ಮತ್ತೆ ಪಂಚ್ ಮಾಡುತ್ತಾರೆ. ಅದು ಆ ಕಾರಿನದೇ ಬ್ಲಾಕಾಗಿದ್ದರೆ, ಹೋದದ್ದನ್ನು ಮರಳಿ ಬರೆದೆವು ಅನ್ನುತ್ತಾರೆ. ಬೇರೆ ಎಲ್ಲಿಂದಲೋ ತಂದ ಬ್ಲಾಕಾಗಿದ್ದರೂ ಅದೇ ಪಂಚು, ಅದೇ ಸುತ್ತಿಗೆ. ಕೊಳ್ಳುವವನ ಕಣ್ಣಿಗೆ ಎರಡೂ ಒಂದೇ. ಆದ್ದರಿಂದ ಮರುಮುದ್ರೆಯನ್ನು ಬಾಯಿಬಿಟ್ಟು ಹೇಳದೆ ಮಾರುವುದು, ಉದ್ದೇಶ ಏನೇ ಇರಲಿ, ಮೋಸವೇ.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಕೂಟಶಾಸನ. ಗಂಗರ ತಾಮ್ರಪಟಗಳಲ್ಲಿ ಅಸಲಿ ಯಾವುದು, ಆಮೇಲೆ ಸೃಷ್ಟಿಸಿದ್ದು ಯಾವುದು ಎಂದು ಶಾಸನತಜ್ಞರಾದ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ಜಗಳವಾಡಿದ್ದು ಶಾಸನದ ಗೀಳು ಇದ್ದವರಿಗೆಲ್ಲ ಗೊತ್ತು. ತಾಮ್ರಪಟವನ್ನು ಹಿಡಿಯುವ ದಾರಿ ಎರಡು. ಹೇಳಿದ ಕಾಲಕ್ಕೆ ಲಿಪಿ ಹೊಂದುತ್ತದೆಯೇ, ತಿಥಿ ವಾರ ಗ್ರಹಣದ ಲೆಕ್ಕ ತಾಳೆಯಾಗುತ್ತದೆಯೇ? ಕಮಾರೊಗೂ ಅದೇ ಪರೀಕ್ಷೆ. ಲಿಪಿ ಜಗಲಿಯ ಮೇಲಿದೆ. ತಿಥಿ ಮೂರು ಕಡೆ ಇದೆ.

ಮೊದಲನೆಯದು ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನ ಬಳಿ. ಅದು ಎರಕದಲ್ಲೇ ಉಬ್ಬಿ ಬಂದ ದಿನಾಂಕ, ಪಂಚ್ ಮಾಡಿದ್ದಲ್ಲ. ‘ಸಿ 24 9’ ಅಂದರೆ ಮೂರನೇ ತಿಂಗಳು, 24, 1969. ಕೈಗನ್ನಡಿ ಇಲ್ಲದೆ ಕಾಣುವುದಿಲ್ಲ. ಎರಡನೆಯದು ಜಗಲಿಯ ಏಪ್ರಿಲ್ 2. ಮೂರನೆಯದು ಬಾನೆಟ್ ಒಳಗೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್ ಮೇಲಿನ ತಗಡಿನ ಪಟ್ಟಿಯಲ್ಲಿ ‘04ಸಿ’, ಅಂದರೆ ಏಪ್ರಿಲ್ ಮೂರನೇ ವಾರ ಬಾಡಿ ತಯಾರಾಯಿತು. ಎರಕ, ಆಮೇಲೆ ಜೋಡಣೆ, ಆಮೇಲೆ ಕಾರು. ಈ ಸರಣಿ ತಾಳೆಯಾಗುತ್ತದೆ. ಎರಕದ ದಿನಾಂಕ ‘ಡಿ 28 9’ ಅಂತಿದ್ದರೆ, ಮಗ ಹುಟ್ಟಿದ ಮೇಲೆ ಅಪ್ಪನ ನಾಮಕರಣವಾದ ಹಾಗೆ. ಎರಕಕ್ಕೂ ಕಾರಿಗೂ ಎಂಟು ತಿಂಗಳ ಅಂತರವಿದ್ದರೂ ಕೇಳಬೇಕಾದ ಪ್ರಶ್ನೆಗಳಿವೆ. ಗೇರ್‌ಬಾಕ್ಸಿಗೂ ಜಾತಕ ಇದೆ: ‘ಪಿ9ಡಿ03ಬಿ’ ಅಂದರೆ ಮನ್ಸಿ ಊರಿನ ಪೆಟ್ಟಿಗೆ, 1969, ಏಪ್ರಿಲ್ 3, ಕೊನೆಯ ಬಿ ಅಂದರೆ ಹತ್ತಿರದ ಅನುಪಾತದ ಎಂ21. ಎ ಇದ್ದರೆ ಎಂ20, ಸಿ ಇದ್ದರೆ ‘ರಾಕ್ ಕ್ರಷರ್’ ಅಂತ ಅಡ್ಡಹೆಸರಿನ ಎಂ22.

ಫೈರ್‌ವಾಲ್ ಪಟ್ಟಿಯಲ್ಲಿ ಇನ್ನೊಂದು ಉಪಕಾರ ಇದೆ. ನಾರ್ವುಡ್ ಕಾರ್ಖಾನೆಯವರು 1968ರ ಡಿಸೆಂಬರ್ ಹೊತ್ತಿಗೆ ಅದರ ಮೇಲೆ ಎಕ್ಸ್ ಕೋಡ್ ಹಾಕತೊಡಗಿದರು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಅದು ಝಡ್/28. ಅದಕ್ಕೂ ಮೊದಲಿನ ಕಾರಿಗೆ, ವ್ಯಾನ್ ನೈಸ್ ಕಾರಿಗೆ ಈ ಭಾಗ್ಯ ಇಲ್ಲ. ಹಾಗಂತ ಪಟ್ಟಿಯನ್ನೇ ನಂಬಿ ಕೂರುವಂತಿಲ್ಲ, ಅದೂ ಹೊಸದಾಗಿ ಅಚ್ಚು ಹಾಕಿಸಿದ್ದಿರಬಹುದು. ವಾರಂಟಿ ಪುಸ್ತಕದೊಳಗಿನ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಪುಟ್ಟ ಲೋಹದ ಫಲಕವೂ ಅಷ್ಟೆ. ನಕಲು ಮಾಡಲು ಎಲ್ಲಕ್ಕಿಂತ ಕಷ್ಟವಾದದ್ದು, ಇಲಿ ಕಡಿದ, ಎಣ್ಣೆ ಹೀರಿದ, ಬೋರು ಹೊಡೆಸುವ ಮಾಹಿತಿಯ ಕಾಗದಗಳು. 1974ರ ಟೈರಿನ ರಸೀದಿ, ಮೊದಲ ಡೀಲರನ ಬಿಲ್ಲು, ಬಿಚ್ಚುವ ಮೊದಲು ತೆಗೆದ ಮಸುಕು ಫೋಟೊ. ರಿಸ್ಟೋರ್ ಆದ ಮೇಲಿನ ನಲವತ್ತು ಫೋಟೊಗಿಂತ ತುಕ್ಕು ಹಿಡಿದಾಗಿನ ನಾಲ್ಕು ಫೋಟೊ ಹೆಚ್ಚು ಬೆಲೆಬಾಳುತ್ತದೆ. ಎಂಜಿನ್ ಹೆರೆಯುವ ಮೊದಲು ಆ ಜಗಲಿಯ ಫೋಟೊ ತೆಗೆದಿಟ್ಟವನಿದ್ದರೆ ಅವನಿಗೆ ಕೈಮುಗಿಯಬೇಕು.

ಅರ್ಧ ಬಕೆಟ್ ನೀರು

ತಗಡಿನ ವಿಷಯಕ್ಕೆ ಬಂದರೆ, ಎಲ್ಲರೂ ಅಯಸ್ಕಾಂತ ಹಿಡಿದು ಬಾಗಿಲು ಫೆಂಡರ್ ತಟ್ಟುತ್ತಾರೆ. ತಪ್ಪಲ್ಲ. ಪೇಂಟಿನ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಪೇಂಟ್ 100ರಿಂದ 150 ಮೈಕ್ರಾನ್, ಸರಿಯಾಗಿ ಮರುಪೇಂಟ್ ಆದದ್ದು 250–300, ಮೀಟರ್ ಸಾವಿರದ ಹತ್ತಿರ ಹೋದರೆ ಒಳಗೆ ಪುಟ್ಟಿ ತುಂಬಿದೆ. ಪುಟ್ಟಿ ಇದ್ದದ್ದೇ ಅಪರಾಧವಲ್ಲ. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಎರಡು ಮೂರು ಮಿಲಿಮೀಟರ್ ಒಳಗೆ ಪುಟ್ಟಿ ಎಳೆದು ಮಟ್ಟ ಮಾಡುವುದು ಒಳ್ಳೆಯ ಟಿಂಕರಿಂಗಿನ ಭಾಗವೇ. ತುಕ್ಕಿನ ತೂತಿಗೆ ಪುಟ್ಟಿ ತುಂಬಿದ್ದು ಮಾತ್ರ ಎರಡು ಚಳಿಗಾಲದಲ್ಲಿ ಗುಳ್ಳೆಯಾಗಿ ಎದ್ದುಬರುತ್ತದೆ.

ಕಮಾರೊದ ನಿಜವಾದ ರೋಗ ಇರುವುದು ಗಾಜಿನ ಬುಡದಲ್ಲಿ. ವೈಪರ್ ಕೆಳಗಿನ ಜಾಲರಿಯಿಂದ ಒಳಗಿಳಿದ ಮಳೆನೀರು ಒಂದು ತಗಡಿನ ತೊಟ್ಟಿಗೆ ಬಿದ್ದು, ಎರಡೂ ಪಕ್ಕದಲ್ಲಿ ಮುಂದಿನ ಫೆಂಡರ್ ಹಿಂದೆ ಹರಿದುಹೋಗಬೇಕು. ಐವತ್ತು ವರ್ಷದ ಎಲೆ, ಧೂಳು ಅಲ್ಲಿ ಗೊಬ್ಬರವಾಗುತ್ತದೆ, ಗೊಬ್ಬರ ತೇವ ಹಿಡಿಯುತ್ತದೆ, ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಸರಿಮಾಡಬೇಕಾದರೆ ವೆಲ್ಡಿಂಗ್ ಬಿಡಿಸಿ ಮೇಲಿನ ತಗಡನ್ನೇ ಎತ್ತಬೇಕು. ಆದ್ದರಿಂದ ಅವಸರದ ರಿಸ್ಟೋರೇಶನ್‌ಗಳು ಇದರ ತಂಟೆಗೆ ಹೋಗುವುದಿಲ್ಲ. ಪರೀಕ್ಷೆ ಮಾತ್ರ ತೀರಾ ಸುಲಭ. ಮುಂದಿನ ಕಾರ್ಪೆಟ್ ಎತ್ತಿ, ಕೆಳಗೆ ಒಣ ಪೇಪರ್ ಹಾಸಿ, ಜಾಲರಿಗೆ ಅರ್ಧ ಬಕೆಟ್ ನೀರನ್ನು ನಿಧಾನವಾಗಿ ಸುರಿಯಬೇಕು. ನೀರು ಎರಡೂ ಫೆಂಡರಿನ ಹಿಂದಿನ ಮೂಲೆಯಿಂದ ನೆಲಕ್ಕೆ ಇಳಿದರೆ ಸರಿ. ಪೇಪರ್ ಒದ್ದೆಯಾದರೆ ಆ ಬಣ್ಣಕ್ಕೆ ಖರ್ಚು ಮಾಡಿದ ದುಡ್ಡೆಲ್ಲ ಸೋರುವ ಮನೆಗೆ ಸುಣ್ಣ ಹೊಡೆದಂತೆ. ಹಿಂದಿನ ಗಾಜಿನ ಸುತ್ತಲೂ ಇದೇ ಕಥೆ. ಕ್ರೋಮ್ ಪಟ್ಟಿಯ ಕೆಳಗೆ ನಿಂತ ನೀರು ಡಿಕ್ಕಿಗೆ ಇಳಿಯುತ್ತದೆ, ಡಿಕ್ಕಿಯ ನೆಲ ಮೊದಲು ಹೋಗುವುದು ಅದಕ್ಕೇ. ಇನ್ನೊಂದು ಜಾಗ ಛಾವಣಿಯೂ ಹಿಂದಿನ ಪಕ್ಕೆಯೂ ಕೂಡುವ ಸಂದು. ಕಾರ್ಖಾನೆಯವರು ಅದನ್ನು ಸೀಸದಿಂದ ಮುಚ್ಚಿದ್ದರು. ಬಿಸಿಗೆ ಸೀಸ ಕದಲಿದರೆ, ಅಥವಾ ಸಂದಿನಲ್ಲಿ ಆಸಿಡ್ ಉಳಿದರೆ, ಹೊಸ ಪೇಂಟಿನ ಮೇಲೆ ಅಡ್ಡಗೆರೆಯೋ ಸಾಸಿವೆಯಂಥ ಗುಳ್ಳೆಯೋ ಬರುತ್ತದೆ.

ಈಗ ಈ ಕಾರಿನ ಇಡೀ ಬಾಡಿಯೇ ಹೊಸದಾಗಿ ಸಿಗುತ್ತದೆ, ಜನರಲ್ ಮೋಟರ್ಸ್ ಪರವಾನಗಿಯೊಂದಿಗೆ ಡೈನಾಕಾರ್ನ್ ಎಂಬ ಕಂಪನಿ ಮಾಡುತ್ತದೆ. ತಗಡು ಹೊಸದು, ತುಕ್ಕಿಲ್ಲ, ಬೀದಿಯಲ್ಲಿ ಓಡಿಸಲು ಬಲು ಚೆನ್ನ. ಆದರೆ ಹಳೆಯ ಕಾರಿನ ನಂಬರ್ ಪಟ್ಟಿ ಅದಕ್ಕೆ ಹೇಗೆ ಬಂತು ಅನ್ನುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಶ್ನೆಯಾಗುತ್ತದೆ. ಡ್ಯಾಶ್ ಮೇಲಿನ ಪಟ್ಟಿಯ ರಿವೆಟ್‌ಗಳು ಹೂವಿನ ಎಸಳಿನ ಆಕಾರದವು, ಸಾಧಾರಣ ದುಂಡು ರಿವೆಟ್ ಕಂಡರೆ ಅಲ್ಲೇ ನಿಲ್ಲಬೇಕು. ಹೀಟರ್ ಪೆಟ್ಟಿಗೆಯ ಹಿಂದೆ ಫೈರ್‌ವಾಲ್ ಮೇಲೂ ನಂಬರ್ ಗುಟ್ಟಾಗಿ ಹೊಡೆದಿರುತ್ತದೆ. ಹೀಟರ್ ಬಿಚ್ಚಿದಾಗ ಅದರ ಫೋಟೊ ತೆಗೆದಿದ್ದೀರಾ ಎಂದು ಕೇಳಿದರೆ ಪ್ರಾಮಾಣಿಕನಾದ ರಿಸ್ಟೋರರ್ ಸಂತೋಷದಿಂದ ತೋರಿಸುತ್ತಾನೆ.

ತಣ್ಣಗಿರುವಾಗ

ನೋಡಲು ಹೋಗುವ ಮೊದಲೇ ಹೇಳಿಬಿಡಬೇಕು: ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿನಲ್ಲಿ ಬಚ್ಚಿಡಬೇಕಾದದ್ದು ಏನೋ ಇದೆ. ವಾಲ್ವ್ ಸೀಲ್ ಹೋಗಿದ್ದರೆ ಮೊದಲ ನಿಮಿಷದಲ್ಲಿ ನೀಲಿ ಹೊಗೆ ಬರುತ್ತದೆ. ಟಿಕ್ ಟಿಕ್ ಸದ್ದಿಗೆ ಹೆದರಬೇಕಿಲ್ಲ, 302ರಲ್ಲಿ ಇರುವುದು ಸಾಲಿಡ್ ಟ್ಯಾಪೆಟ್. ವಾಲ್ವುಗಳನ್ನು ತೆರೆಯುವ ದಂಡವಾದ ಅದರ ‘ತರ್ಟಿ-ತರ್ಟಿ’ ಕ್ಯಾಮಿಗೆ ಆ ಹೆಸರು ಬಂದದ್ದೇ ಬಿಸಿ ಎಂಜಿನ್ನಿನಲ್ಲಿ ಎರಡೂ ವಾಲ್ವಿಗೆ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ಸಂದು ಬಿಡಬೇಕಾದ್ದರಿಂದ. ಸದ್ದೇ ಇಲ್ಲದೆ ಮೆತ್ತಗೆ ಓಡಿದರೆ ಒಳಗಿರುವ ಕ್ಯಾಮ್ ಬೇರೆ ಎಂದೇ ಲೆಕ್ಕ. ಒಂದೇ ಸಿಲಿಂಡರಿನ ಸದ್ದು ಉಳಿದವಕ್ಕಿಂತ ಜೋರಾಗಿದ್ದರೆ ಕ್ಯಾಮಿನ ಒಂದು ಮೂಗು ಸವೆದಿರಬಹುದು. ಈಗಿನ ಎಂಜಿನ್ ಆಯಿಲ್‌ನಲ್ಲಿ ಸತುವಿನ ಅಂಶ ಕಡಿಮೆ. ಹೊಸ ಕ್ಯಾಮ್ ಹಾಕಿದ ಮೇಲೆ ಸತುವುಳ್ಳ ಆಯಿಲ್ ಹಾಕಿ, ಮೊದಲ 20–30 ನಿಮಿಷ ಎಂಜಿನ್ನನ್ನು 2,000–2,500 ಆರ್‌ಪಿಎಂನಲ್ಲೇ ಓಡಿಸಬೇಕು. ಐಡಲಿಂಗ್‌ನಲ್ಲಿ ಬಿಟ್ಟರೆ ಕ್ಯಾಮಿಗೆ ಸಾಕಷ್ಟು ಎಣ್ಣೆ ಚಿಮ್ಮುವುದಿಲ್ಲ, ಅರ್ಧ ಗಂಟೆಯಲ್ಲಿ ಹೊಸ ಕ್ಯಾಮ್ ಬೋಳಾಗುತ್ತದೆ. ಯಾವ ಆಯಿಲ್ ಹಾಕಿದಿರಿ ಅನ್ನುವ ಒಂದೇ ಪ್ರಶ್ನೆಗೆ ಬರುವ ಉತ್ತರದಿಂದ ಎಂಜಿನ್ ಕಟ್ಟಿದವನ ಮಟ್ಟ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ ಪಿಸ್ಟನ್ನಿನದು. ಮೂಲ ಕಂಪ್ರೆಷನ್ 11ಕ್ಕೆ 1. ಈಗ ಬಂಕಿನಲ್ಲಿ ಸಿಗುವ 91–93 ಆಕ್ಟೇನ್‌ಗೆ ಅದು ಏರುದಾರಿಯಲ್ಲಿ ನಾಕಿಂಗ್ ಮಾಡುತ್ತದೆ. ಟೈಮಿಂಗ್ ಹಿಂದಕ್ಕೆ ತಂದರೆ ಸದ್ದು ನಿಲ್ಲುತ್ತದೆ, ಜೊತೆಗೆ ಗತ್ತೂ ನಿಲ್ಲುತ್ತದೆ. ಅನೇಕರು ರೀಬಿಲ್ಡ್ ಮಾಡುವಾಗಲೇ ಕಡಿಮೆ ಕಂಪ್ರೆಷನ್ನಿನ ಪಿಸ್ಟನ್ ಹಾಕಿಸುತ್ತಾರೆ. ಓಡಿಸುವ ಕಾರಿಗೆ ಅದೇ ಜಾಣತನ. ಅದನ್ನು ಹೇಳಬೇಕು, ಅಷ್ಟೆ. ಪೆಟ್ರೋಲಿನಲ್ಲಿ ಬೆರೆಸಿದ ಎಥನಾಲ್ ಹಳೆಯ ರಬ್ಬರ್ ಹೋಸನ್ನು ತಿನ್ನುತ್ತದೆ ಅನ್ನುವುದು ಈಗ ನಮ್ಮೂರಿನವರಿಗೂ ಗೊತ್ತು. ಬ್ರೇಕ್ ಬಗ್ಗೆ ಒಂದು ಮಾತು: ಆ ಕ್ಯಾಮಿನಿಂದಾಗಿ ಐಡಲಿಂಗ್‌ನಲ್ಲಿ ವ್ಯಾಕ್ಯೂಮ್ ಕಡಿಮೆ, ಬೂಸ್ಟರಿಗೆ ಬಲ ಸಾಲದು. ಸಿಗ್ನಲ್ಲಿನಲ್ಲಿ ಪೆಡಲ್ ಗಟ್ಟಿಯಾದರೆ ಕೆಟ್ಟಿದೆ ಎಂದೇ ತಿಳಿಯಬೇಕಿಲ್ಲ, 1969ರಲ್ಲೂ ಹಾಗೇ ಇತ್ತು.

ಝಡ್/28 ಆಗಿ ಹುಟ್ಟದ ಕಾರನ್ನು ಹಾಗೆ ಸಿಂಗರಿಸಿದರೆ ಅದಕ್ಕೆ ಟ್ರಿಬ್ಯೂಟ್ ಅನ್ನುತ್ತಾರೆ, ಕ್ಲೋನ್ ಅಂತಲೂ ಅನ್ನುತ್ತಾರೆ. ಅದರಲ್ಲಿ ಕೀಳುತನ ಏನೂ ಇಲ್ಲ. ಬೆಲೆ ಅದಕ್ಕೆ ತಕ್ಕಂತಿದ್ದರೆ ಓಡಿಸಿ ಸುಖಪಡಲು ಅದೇ ವಾಸಿ, ಕಲ್ಲು ತಗುಲಿದರೂ ಎದೆ ಒಡೆಯುವುದಿಲ್ಲ. ಓದಲು ಹಿತವಾದ ಜಾಹೀರಾತು ಹೀಗಿರುತ್ತದೆ: ‘ಬ್ಲಾಕ್ 1969ರ ಡಿಝಡ್, ಆದರೆ ಈ ಕಾರಿನದಲ್ಲ. ಗೇರ್‌ಬಾಕ್ಸ್ ಮೂಲದ್ದು. ಬಲ ಹಿಂಪಕ್ಕೆಯ ತಗಡು ಹೊಸದು. ವೈಪರ್ ಕೆಳಗಿನ ತೊಟ್ಟಿ ಬಿಚ್ಚಿ ವೆಲ್ಡ್ ಮಾಡಿದೆ, ಕತ್ತರಿಸಿ ತೆಗೆದ ತುಂಡು ಗ್ಯಾರೇಜಿನಲ್ಲಿದೆ, ಬಂದರೆ ತೋರಿಸುತ್ತೇನೆ.’ ಇದರ ಜೊತೆ ಫೋಟೊ ಹನ್ನೆರಡೇ ಇದ್ದರೂ, ಅದರಲ್ಲೊಂದು ಆಲ್ಟರ್ನೇಟರ್ ಹಿಂದಿನ ಜಗಲಿಯದಾಗಿರುತ್ತದೆ. ಟಾರ್ಚಿನ ಬೆಳಕಿಗೆ ಸ್ವಲ್ಪ ಮಸುಕಾಗಿ, ಗೆರೆಗಳು ಮಾತ್ರ ನೇರವಾಗಿ.